ನಿಂತಲ್ಲೇ ಪೆಟ್ರೋಲು ಕುಡಿಯುವ ಕಾರು

ಆಫೀಸಿನವರೇ ಕಾರು ಕೊಟ್ಟು, ಡ್ರೈವರ್ ಕೊಟ್ಟು, ಪೆಟ್ರೋಲನ್ನೂ ತಾವೇ ಹಾಕಿಸಿ "ಹತ್ರಿ ಮೇಡಂ" ಅಂದರೆ "ಒಲ್ಲೆ" ಅನ್ನುವ ಮನುಷ್ಯರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಂಡಿರಲಿಕ್ಕಿಲ್ಲ. ಅಂಥವರು ಈ ಭೂಮಿಯ ಮೇಲೆ ಒಬ್ಬರೇ ಇರುವುದು. ಅವರು ನಮ್ಮ ಮನೆಯಲ್ಲೇ ಇದ್ದಾರೆ. ನನ್ನ ಸೋದರತ್ತೆ!

ಅತ್ತೆ ಟೀಚರ್. ಆದರೆ ಆಕೆಗೆ ಶಾಲೆ ಇಲ್ಲ. ಕಣ್ಣು ಕಾಣದ, ಕಾಲು ನಡೆಯದ, ಶಾಲೆಯ ತನಕ ಬರಲಾಗದ ಮಕ್ಕಳಿದ್ದಾರಲ್ಲ, ಅವರ ಮನೆಗೇ ಹೋಗಿ ಕಲಿಸುವುದು ಆಕೆಯ ಕೆಲಸ. ಮನೆ ಗೋಕಾಕದಲ್ಲಿ, ನೌಕರಿ ಮೂಡಲಗಿಯಲ್ಲಿ. ಹುಕ್ಕೇರಿ ಕಡೆ ಹುದ್ದೆ ಖಾಲಿ ಇದೆಯೆಂದು ಅದನ್ನೂ ಈಕೆಯ ಕೊರಳಿಗೇ ಕಟ್ಟಿದ್ದಾರೆ. ಹಾಗಾಗಿ ಇವತ್ತು ಮೂಡಲಗಿಯ ಕಬ್ಬಿನ ತೋಟ, ನಾಳೆ ಹುಕ್ಕೇರಿ ಕಡೆಯ ದಡ್ಡಿಯ ಹೊಳೆದಂಡೆ. ಈ ಮಕ್ಕಳೇನು ಬಸ್ ಸ್ಟ್ಯಾಂಡಿನ ಎದುರಿಗೆ ಮನೆ ಮಾಡಿಕೊಂಡಿದ್ದಾರೆಯೇ? ಎಲ್ಲರದೂ ತೋಟದ ಮನೆ. ಅಲ್ಲಿಗೆ ಬಸ್ಸು ಹೋಗುವುದಿಲ್ಲ. ಬಸ್ಸಿನ ಮಾತು ಬಿಡಿ, ಕಬ್ಬು ತಲೆಮಟ್ಟ ಬೆಳೆದು ನಿಂತರೆ ಮೊಬೈಲ್ ಸಿಗ್ನಲ್ ಕೂಡ ಹೋಗುವುದಿಲ್ಲ!

ಅದಕ್ಕೇ ಅತ್ತೆ ತನ್ನ ಪಗಾರದಲ್ಲಿ ಒಂದು ಹಳೆಯ ಕಾರು ಕೊಂಡಳು. ಕೊಂಡಾಗ ಅದು ಬಿಳಿ ಇತ್ತಂತೆ. ಈಗ ಅದರ ಬಣ್ಣ ಯಾವುದು ಎನ್ನುವುದು ಆಯಾ ದಿನ ಯಾವ ತೋಟದಲ್ಲಿ ಹುಗಿದುಕೊಂಡಿತ್ತು ಎನ್ನುವುದರ ಮೇಲೆ ನಿಂತಿರುತ್ತದೆ. ಎಡಗಡೆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಅತ್ತೆಯೇ ಇಳಿದು ಸುತ್ತಿ ಬಂದು ನಿಮ್ಮನ್ನು ಬಿಡುಗಡೆ ಮಾಡಬೇಕು. ಸೈಲೆನ್ಸರ್ ಹರಿದಿದೆ. ಹರಿದಿದೆ ಅಂದರೆ ಸುಮ್ಮನೆ ಅಲ್ಲ. ಮಳೆಗಾಲದಲ್ಲಿ ಗೋಕಾಕ ಫಾಲ್ಸಿನ ಪಕ್ಕ ಈ ಕಾರು ನಿಲ್ಲಿಸಿದರೆ ನಿಮಗೆ ಫಾಲ್ಸ್ ಕಾಣುತ್ತದೆ, ಕೇಳುವುದಿಲ್ಲ!

ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಮೆಕ್ಯಾನಿಕ್ ಆದವನು. ನನ್ನ ಮೊದಲ ಪೇಷಂಟ್ ಈ ಕಾರೇ. ಒಮ್ಮೆ ನಾನು ವೈರಿಂಗ್ ಸರಿ ಮಾಡಿದ ಮೇಲೆ ಬ್ರೇಕ್ ಒತ್ತಿದರೆ ವೈಪರ್ ಓಡುತ್ತಿತ್ತು. ಅತ್ತೆ ಬೇಸರ ಮಾಡಿಕೊಳ್ಳಲಿಲ್ಲ. "ಇರ್ಲಿ ಬಿಡೋ ಇಂಜಿನಿಯರಾ, ಬ್ರೇಕ್ ಹಿಡದೇತಿ ಅನ್ನೂದರ ಗೊತ್ತಾಗತೈತಿ" ಅಂದಳು. ಎಂಥ ದೊಡ್ಡ ಮನಸ್ಸು! ಆದರೆ ಸೈಲೆನ್ಸರಿನ ಹತ್ತಿರ ಕೈ ಒಯ್ದರೆ ಸಾಕು, "ಅದನ್ನ ಮುಟ್ಟಿದ್ರ ಕೈ ಮುರೀತೇನಿ ನೋಡ!"

ಇನ್ನೊಂದು ಹುಚ್ಚು ಇದಕ್ಕಿಂತ ತುಟ್ಟಿಯದು. ಅದರ ಸುದ್ದಿ ಮನೆಗೆ ಮುಟ್ಟಿಸಿದವನು ಮೂಡಲಗಿ ಕಡೆಯ ಒಬ್ಬ ಗಿರಾಕಿ. ನಮ್ಮಪ್ಪನದು ಬಟ್ಟೆ ಅಂಗಡಿ. ಗಿರಾಕಿ ಮೆಟ್ಟಿಲಿಳಿಯುವ ಮುಂಚೆಯೇ ಫ್ಯಾನ್ ಬಂದ್ ಮಾಡುವ ಮನುಷ್ಯ. ಅಂಥವನ ಮುಂದೆ ಈತ ಧೋತರ ಆರಿಸುತ್ತ ಹೇಳಿಬಿಟ್ಟ: "ಸಾವಕಾರ್ರ, ನಿಮ್ಮ ತಂಗ್ಯಾರ ಕಾರು ತ್ವಾಟದ ಬಾವಿ ದಂಡಿಗಿ ನಿಂತ ಒಂದ ಸಮ ಒದರಾಕತ್ತಿತ್ರಿ. ಒಳಗ ನೋಡಿದ್ರ ಯಾರೂ ಇಲ್ರಿ!"

ಅಪ್ಪನಿಗೆ ಅವತ್ತು ಊಟ ಸೇರಲಿಲ್ಲ.

"ಏನವ್ವಾ ತಂಗಿ, ನಿಂತ ಗಾಡಿ ಯಾಕ ಚಾಲೂ ಇಡ್ತಿ? ಪೆಟ್ರೋಲ್ ಏನ್ ನಳದಾಗ ಬರತೈತೇನ?"

"ಅದಕ್ಕ ನಿಂದರು ಅಂದೇನಿ ಅಣ್ಣಾ, ಸುಮ್ಮನಿರು ಅಂದಿಲ್ಲ" ಅಂದಳು ಅತ್ತೆ, ರೊಟ್ಟಿ ಮುರಿಯುತ್ತ. ಇಂಥ ಉತ್ತರಕ್ಕೆ ಏನು ಹೇಳುತ್ತೀರಿ?

ಆಫೀಸಿನಲ್ಲೂ ಇದೇ ಧಾಟಿ. ಅಲ್ಲಿಯ ನಿಯಮದ ಪ್ರಕಾರ ಸ್ವಂತ ಕಾರಿನಲ್ಲಿ ಹೋದರೂ ಸಿಗುವುದು ಬಸ್ಸಿನ ದರ. ಅದಕ್ಕೂ ಟಿಕೆಟ್ ಹಚ್ಚಬೇಕು. ಬಸ್ಸೇ ಹೋಗದ ತೋಟಕ್ಕೆ ಟಿಕೆಟ್ ಎಲ್ಲಿಂದ ತರಬೇಕು? ಉಳಿದವರು ಬಸ್ ಸ್ಟ್ಯಾಂಡಿನ ನೆಲದ ಮೇಲೆ ಬಿದ್ದ ಟಿಕೆಟ್ ಆರಿಸಿ ತಂದು ಹಚ್ಚುತ್ತಿದ್ದರು. ಒಬ್ಬ ಸರ್ ಅಂತೂ ಇಂಥ ಟಿಕೆಟ್ ಹಚ್ಚಿ, ಒಂದೇ ದಿನ ಒಂದೇ ಹೊತ್ತಿಗೆ ಮೂಡಲಗಿಯಲ್ಲೂ ಹುಕ್ಕೇರಿಯಲ್ಲೂ ಇಳಿದುಬಿಟ್ಟಿದ್ದರು! ಅತ್ತೆ ಟಿಕೆಟ್ ಆರಿಸಲಿಲ್ಲ. ತೋಟದಿಂದ ಒಂದು ಉದ್ದನೆಯ ಕಬ್ಬು ಮುರಿದುಕೊಂಡು ಹೋಗಿ, ಎಲೆ ಸಮೇತ ಕ್ಲಾರ್ಕಿನ ಟೇಬಲ್ಲಿನ ಮೇಲೆ ಇಟ್ಟಳು.

"ತುಗೋರಿ, ನಾ ಹೋಗಿದ್ದಕ್ಕ ಸಾಕ್ಷಿ. ಅಲ್ಲೆ ಇದನ್ನ ಬಿಟ್ಟ ಬ್ಯಾರೆ ಟಿಕೇಟ್ ಕೊಡಾಂಗಿಲ್ರಿ."

ಪಾಪ, ಆ ಕ್ಲಾರ್ಕು ಕಬ್ಬನ್ನು ಈ ತುದಿಯಿಂದ ಆ ತುದಿಯ ತನಕ ನೋಡಿ, "ಮೇಡಂ, ಇದಕ್ಕ ತೂತ ಹಾಕಿ ಫೈಲಿಗೆ ಪೋಣಸಾಕ ಬರಾಂಗಿಲ್ರೀ..." ಅಂದರಂತೆ. ಸಂಜೆಯ ಹೊತ್ತಿಗೆ ಆಫೀಸಿನವರೆಲ್ಲ ಸೇರಿ ಆ ಸಾಕ್ಷಿಯನ್ನು ತಿಂದು ಮುಗಿಸಿದ್ದರು. ರೊಕ್ಕ ಮಾತ್ರ ಬರಲಿಲ್ಲ.

ಇಷ್ಟೆಲ್ಲ ಜಗಳಾಡಿದ ಮೇಲೆ ಹೊಸ ಸಾಹೇಬರು ಬಂದರು. ಒಳ್ಳೆಯವರು. ಬಾಡಿಗೆಯ ಒಂದು ಹೊಸ ಕಾರು ಗೊತ್ತು ಮಾಡಿ, "ಇನ್ನ ಮ್ಯಾಲ ಇದರಾಗ ಹೋಗ್ರಿ ಮೇಡಂ" ಅಂದರು. ಒಳಗೆ ಎಸಿ! ನಮ್ಮ ಮನೆಯಲ್ಲಿ ಅವತ್ತು ಹೋಳಿಗೆ. ಅಪ್ಪ ಊಟದ ಕೈ ತೊಳೆಯುವ ಮೊದಲೇ ಗುಜರಿಯವನಿಗೆ ಫೋನ್ ಮಾಡಿ, ಭಾನುವಾರ ಬಂದು ಹಳೆಯ ಕಾರು ಒಯ್ಯಲು ಹೇಳಿದ.

ಅತ್ತೆ ಒಂದು ದಿನ ಆ ಕಾರಿನಲ್ಲಿ ಹೋಗಿ ಬಂದಳು. ಮರುದಿನ "ಒಲ್ಲೆ" ಅಂದಳು.

"ಯಾಕ ಒಲ್ಲಿ?" ಅಪ್ಪನ ದನಿ ಓಣಿಯ ತನಕ ಹೋಯಿತು.

"ಅದು ಸಪ್ಪಳಾನ ಮಾಡೂದಿಲ್ಲ."

ಸಾಹೇಬರು ಫೋನಿನಲ್ಲಿ, ಈ ಕಾರು ಬಿಟ್ಟರೆ ಬಸ್ಸಿನ ದರವೂ ಸಿಗುವುದಿಲ್ಲ ಅಂದರು. "ಬ್ಯಾಡ ಬಿಡ್ರಿ ಸರ್" ಅಂದಳು. ಅಪ್ಪ ಕೊನೆಯ ಮಾತು ಹೇಳಿದ: "ಭಾನುವಾರದೊಳಗ ಸೈಲೆನ್ಸರ್ ಹಾಕಸು, ನಿಂತಲ್ಲೆ ಪೆಟ್ರೋಲ್ ಸುಡೂದ ಬಿಡು. ಇಲ್ಲಂದ್ರ ಗಾಡಿ ಗುಜರಿಗೆ." ಆಮೇಲೆ ನನ್ನನ್ನು ಮೂಲೆಗೆ ಕರೆದು ಹೊಸ ಸೈಲೆನ್ಸರ್ ಕೈಗಿಟ್ಟ. "ನಾಳೆ ಅಕಿ ಜೋಡಿ ಹೋಗು. ಅಕಿ ಪಾಠ ಹೇಳೂಮುಂದ ಇದನ್ನ ಕೂಡಿಸಿಬಿಡು." ನನಗೋ ಸಂತೋಷವೇ ಸಂತೋಷ. ಸೈಲೆನ್ಸರ್ ಕೂಡಿಸುವ ವಿಡಿಯೋ ನನಗೆ ಬಾಯಿಪಾಠವಾಗಿತ್ತು!

ಶನಿವಾರ ಮೂಡಲಗಿ ದಾಟಿ ಕಬ್ಬಿನ ನಡುವಿನ ಕಚ್ಚಾ ದಾರಿ ಹಿಡಿದೆವು. ಕಾಲುವೆಯ ಸಣ್ಣ ಸೇತುವೆಯ ಹತ್ತಿರ ಅತ್ತೆ ಕಾರು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದಳು. ಇಂಜಿನ್ ಬಂದ್ ಮಾಡಲಿಲ್ಲ. ಸುತ್ತಿ ಬಂದು ನನ್ನನ್ನು ಬಿಡುಗಡೆ ಮಾಡಿದಳು.

"ಮನಿ ಎಲ್ಲೈತಿ ಅತ್ತಿ?"

"ಅಕಾ ಅಲ್ಲಿ." ಕೈ ಮಾಡಿದ ಕಡೆ, ದಾರಿಯ ಆ ತುದಿಯಲ್ಲಿ, ಬೇವಿನ ಮರದ ಆಚೆ ಒಂದು ಮನೆ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು.

"ಮತ್ತ ಇಲ್ಲ್ಯಾಕ ನಿಂದರಿಸಿದಿ?"

"ಬಾಯಿ ಮುಚಗೊಂಡ ನೋಡು."

ಮನೆಯ ಹೊಸ್ತಿಲಿಂದ ಒಬ್ಬಳು ಹುಡುಗಿ ಎದ್ದಳು. ಎರಡು ಜಡೆ, ಕೈಯಲ್ಲಿ ಬಿಳಿ ಕೋಲು. ಹುಟ್ಟಿದಾಗಿನಿಂದ ಆಕೆಗೆ ಕಣ್ಣು ಕಾಣುವುದಿಲ್ಲವಂತೆ. ತಲೆಯನ್ನು ಸ್ವಲ್ಪ ವಾಲಿಸಿ ನಮ್ಮ ಕಾರಿನ ಸದ್ದು ಕೇಳಿಸಿಕೊಂಡಳು. ಕೋಲು ಮುಂದೆ ಚಾಚಿ ನಡೆಯಲು ಶುರು ಮಾಡಿದಳು. ಒಬ್ಬಳೇ! ಅವಳ ಅವ್ವ ಅಂಗಳದಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು.

"ಮೊದಲ ಅಂಗಳದಾಗ ನಿಂದರಸ್ತಿದ್ದೆ" ಅಂದಳು ಅತ್ತೆ, ಆ ಕಡೆಯಿಂದ ಕಣ್ಣು ತೆಗೆಯದೆ. "ಆಮ್ಯಾಲ ಬೇವಿನ ಗಿಡದ ಹಂತೇಕ. ಆಮ್ಯಾಲ ಬಾವಿ. ಕಾಲವಿ ತನಕ ಇವತ್ತ ಮೊದಲನೇ ಸಲ. ಸೇತುವಿ ದಾಟಿದ್ರ ರಸ್ತೆ. ಜೂನದಾಗ ಸಾಲಿ ಟೆಂಪೋ ಅಲ್ಲಿಗೇ ಬರತೈತಿ. ಅಲ್ಲೀತನಕ ಅಕಿ ತಾನ ಬಂದ್ಲಂದ್ರ ಸಾಲಿಗೆ ಹೋದಂಗ."

"ಹಾರ್ನ್ ಹೊಡದ್ರ ಆಗೂದಿಲ್ಲೇನ?"

"ಹಾರ್ನ್ ಎಲ್ಲಾ ಟ್ರ್ಯಾಕ್ಟರಿಗೂ ಐತಿ. ಈ ಸಪ್ಪಳ ಯಾರದೈತಿ ಹೇಳು? ಆ ಹೊಸಾ ಕಾರು ಬಂದ ದಿನ, ನಾ ಬಂದಿದ್ದ ಗೊತ್ತಾಗದ ಅಕಿ ಹೊಸ್ತಿಲದಾಗ ಕುಂತಿದ್ಲು."

ಹುಡುಗಿ ಅರ್ಧ ದಾರಿಗೆ ಬಂದಿದ್ದಳು. ಅಷ್ಟರಲ್ಲಿ ನಮ್ಮ ಕಾರು, ತನ್ನ ಗುಣ ಬಿಡದೆ, ಎರಡು ಸಲ ಕೆಮ್ಮಿ ಸತ್ತುಹೋಯಿತು!

ತೋಟವೆಲ್ಲ ಒಮ್ಮೆಲೇ ಸುಮ್ಮನಾಯಿತು. ಹುಡುಗಿ ನಿಂತುಬಿಟ್ಟಳು. ಕೋಲು ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಕಬ್ಬಿನ ಗರಿಗೆ ತಾಗಿತು. ಅವಳ ಅವ್ವ ಓಡಿ ಬರಲು ಹೆಜ್ಜೆ ಇಟ್ಟಳು. ಅತ್ತೆ ದೂರದಿಂದಲೇ ಬೇಡವೆಂದು ಕೈಯೆತ್ತಿ, ನನ್ನ ಕಡೆ ತಿರುಗಿದಳು. ನನ್ನ ಅತ್ತೆಯ ಮುಖದಲ್ಲಿ ಹೆದರಿಕೆ ನೋಡಿದ್ದು ಅದೇ ಮೊದಲು.

"ತಮ್ಮಾ, ಲಗೂನ!"

ಕೀಲಿ ತಿರುಗಿಸಿದೆ. ಟಕ್ ಅಂತು, ಅಷ್ಟೇ. ಬಾನೆಟ್ ಎತ್ತಿದೆ. ಇಷ್ಟು ವರ್ಷ ನೋಡಿದ ವಿಡಿಯೋಗಳಲ್ಲಿ ಒಂದಾದರೂ ನೆನಪಾಗಬಾರದೇ! ಬ್ಯಾಟರಿಯ ವೈರು ಸಡಿಲಾಗಿ ಅಲ್ಲಾಡುತ್ತಿತ್ತು. ಅದನ್ನು ಹಾಗೇ ಒತ್ತಿ ಹಿಡಿದು "ಅತ್ತೀ, ಕೀಲಿ ತಿರುವು!" ಎಂದು ಕೂಗಿದೆ. ಢಮ್! ಕಬ್ಬಿನೊಳಗಿನ ಹಕ್ಕಿಯೆಲ್ಲ ಹಾರಿದವು. ಕಾರು ಒದರತೊಡಗಿತು. ಹುಡುಗಿ ಅಲ್ಲಿಂದಲೇ ಗಟ್ಟಿಯಾಗಿ ನಕ್ಕಳು, ಕೋಲು ನೆಟ್ಟಗೆ ಮಾಡಿಕೊಂಡಳು, ಬಂದಳು. ಬಂದವಳೇ ಕಾರಿನ ಮೈಮೇಲೆ ಅಂಗೈ ಇಟ್ಟಳು.

"ಅಕ್ಕೋರ, ಇವತ್ತ ನಿಮ್ಮ ಗಾಡಿಗೆ ಕೆಮ್ಮ ಭಾಳ ಆಗೇತ್ರಿ. ಔಷಧ ಗಿವಷಧ ಹಾಕಬ್ಯಾಡ್ರಿ ಮತ್ತ!"

"ಹಾಕೂದಿಲ್ಲವ್ವಾ."

"ಸಾಲಿ ಟೆಂಪೋನೂ ಹಿಂಗ ಕೆಮ್ಮತೈತೇನ್ರಿ?"

ಅತ್ತೆ ಕೆಳಗಿಳಿದು ಹುಡುಗಿಯ ಅಂಗೈ ಪಕ್ಕ ತನ್ನ ಅಂಗೈಯನ್ನೂ ಇಟ್ಟಳು. "ಅದರ ಸಪ್ಪಳ ನಿನಗ ರೂಢಿ ಆಗೂತನಕ ಅದರ ಬಾಜೂ ಇದನ್ನ ತಂದ ನಿಂದರಸ್ತೇನಿ" ಅಂದಳು.

ವೈರು ಹಿಡಿದುಕೊಂಡೇ ನಿಂತಿದ್ದ ನನಗೆ ಹೊಳೆಯಿತು. ಬಸ್ಸಿನ ದರವನ್ನೇ ಕೊಡಲಿ, ಕಿಲೋಮೀಟರಿಗೆ ಇಷ್ಟು ಅಂತಲೇ ಕೊಡಲಿ, ಈ ಪೆಟ್ರೋಲು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಕಾರು ಒಂದು ಗೇಣೂ ಹೋಗಿಲ್ಲ. ಹೋದದ್ದು ಹುಡುಗಿ.

ಮನೆಗೆ ಬಂದ ಮೇಲೆ ಹೊಸ ಸೈಲೆನ್ಸರನ್ನು ಅಪ್ಪನ ಮುಂದೆ ಇಟ್ಟು, "ಇದನ್ನ ಹಾಕೂದಿಲ್ಲ. ಬೇಕಾದ್ರ ಅಂಗಡ್ಯಾಗ ಅರಬಿ ಅಳ್ಯಾಕ ಇಟ್ಟಕೋ" ಅಂದೆ. ಮನೆಯಲ್ಲಿ ಒಬ್ಬಳೇ ಹುಚ್ಚಿ ಇದ್ದದ್ದು ಈಗ ಇಬ್ಬರಾದೆವು ನೋಡಿ! ಆಮೇಲೆ ಕಂಡದ್ದನ್ನೆಲ್ಲ ಹೇಳಿದೆ. ಅಪ್ಪ ಸೈಲೆನ್ಸರ್ ಎತ್ತಿ ಕಪಾಟಿನ ಮೇಲೆ ಇಟ್ಟ.

ಭಾನುವಾರ ಗುಜರಿಯವನು ಬಂದೇ ಬಂದ. ಟೈರಿಗೆ ಒದ್ದು, ಬಾಗಿಲು ಅಲ್ಲಾಡಿಸಿ, "ಒಂದ್ಸಲ ಚಾಲೂ ಮಾಡ್ರಿ ಸಾವಕಾರ್ರ, ನೋಡೂನು" ಅಂದ. ಅಪ್ಪ ತಾನೇ ಒಳಗೆ ಕೂತು ಕೀಲಿ ತಿರುಗಿಸಿದ. ಓಣಿಯ ಕಿಟಕಿಗಳೆಲ್ಲ ನಡುಗಿದವು. ಗುಜರಿಯವನು ಕಿವಿ ಮುಚ್ಚಿಕೊಂಡು, "ಸಾಕ್ರಿ! ಬಂದ್ ಮಾಡ್ರಿ, ಬಂದ್ ಮಾಡ್ರಿ!" ಎಂದು ಕೂಗಿದ.

ಅಪ್ಪ ಬಂದ್ ಮಾಡಲಿಲ್ಲ. ಕೆಳಗಿಳಿದು ಕಾರಿಗೆ ಒರಗಿ ನಿಂತ. ಗಿರಾಕಿ ಮೆಟ್ಟಿಲಿಳಿಯುವ ಮುಂಚೆ ಫ್ಯಾನ್ ಆರಿಸುವ ನಮ್ಮಪ್ಪ! ಓಣಿಯ ಆ ತುದಿಯನ್ನೇ ನೋಡುತ್ತ ಅಂದ:

"ತಡಿಯಪಾ, ಇನ್ನೊಂದೀಟ ಇರ್ಲಿ. ಅಕಿ ನಡಕೋತ ಬರಬೇಕಲಾ."