ಎಡಗಡೆ ನಿಂತವನು

ತಾಪತ್ರಯಕ್ಕೆಲ್ಲ ಕಾರಣ ಬೆರಳುದ್ದದ ಒಂದು ಬೂದು ಚಿತ್ರ. ಕಾರಿನೊಳಗಿನ ಪರದೆಯಲ್ಲಿ, ಕಾರಿನ ಎಡಮಗ್ಗುಲಿಗೆ, ಕೈ ಇಳಿಬಿಟ್ಟು ನಿಂತ ಒಬ್ಬ ಮನುಷ್ಯನ ಆಕಾರ. ಜಮಖಂಡಿ ದಾಟಿ ಬೀಳಗಿಯ ಕಡೆ ಹೊರಟಿದ್ದ ಪರಮಾನಂದ, ಫೋನು ಬಂತೆಂದು ಕಬ್ಬಿನ ಹೊಲಗಳ ನಡುವೆ ಗಾಡಿ ನಿಲ್ಲಿಸಿದಾಗ ಅದು ಮೊದಲ ಸಲ ಕಣ್ಣಿಗೆ ಬಿತ್ತು. ಸುತ್ತ ಎಲ್ಲೂ ಒಂದು ನರಪಿಳ್ಳೆಯೂ ಇರಲಿಲ್ಲ.

ಪರಮಾನಂದ ಜಮಖಂಡಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವನು. ದೆವ್ವ, ಭೂತ, ಮಾಟ, ಮಂತ್ರ ಎಲ್ಲ ಬೊಗಳೆ ಎಂದು ಮುಧೋಳದಿಂದ ತೇರದಾಳದವರೆಗೆ ಭಾಷಣ ಮಾಡಿದವನು. ಒಂದು ಅಮಾವಾಸ್ಯೆಗೆ ಸ್ಮಶಾನದಲ್ಲಿ ಕೂತು ಮಿರ್ಚಿ ಭಜಿ ತಿಂದು ತೋರಿಸಿದ್ದಕ್ಕೆ ಪೇಪರಿನಲ್ಲಿ ಅವನ ಫೋಟೋ ಕೂಡ ಬಂದಿತ್ತು. ಅಂಥವನಿಗೆ ಇದ್ದದ್ದು ಒಂದೇ ಆಸೆ, ದೊಡ್ಡದೊಂದು ಕಾರು. ಹೊಸದು ಕೈಗೆಟುಕುವ ಮಾತಲ್ಲ. ಯಾರೋ ಶ್ರೀಮಂತರು ಬಳಸಿ ಬಿಟ್ಟದ್ದಾದರೆ ಆದೀತು. ಮುಧೋಳ ರಸ್ತೆಯ ಶೋರೂಮಿನಲ್ಲಿ ಅಂಥದ್ದೊಂದು ಕಪ್ಪು ಎಸ್‌ಯುವಿ ಬಂದು ನಿಂತಿದೆಯೆಂದು ಗೊತ್ತಾದ ಮೇಲೆ ಅವನಿಗೆ ತರಗತಿಯಲ್ಲಿ ನ್ಯೂಟನ್ನನ ನಿಯಮವೂ ಸರಿಯಾಗಿ ನೆನಪಿಗೆ ಬರುತ್ತಿರಲಿಲ್ಲ.

ಶೋರೂಮಿನ ಮ್ಯಾನೇಜರ್ ಜ್ಞಾನೇಶ್ವರ ಬೆಳಿಗ್ಗೆಯೇ ಕೀಲಿ ಕೈಗಿತ್ತಿದ್ದ. "ಸರ್ಟಿಫೈಡ್ ಗಾಡಿ ಐತ್ರಿ ಸರ್. ಇಂಜಿನ್, ಗೇರು, ಬ್ರೇಕು ಎಲ್ಲಾ ತಪಾಸಣಿ ಆಗೇತಿ. ವಾರಂಟಿನೂ ಕೊಡ್ತೇವಿ. ಸಂಜಿತನಕ ಓಡಿಸಿ ನೋಡ್ರಿ. ಆದ್ರ ಸಂಜಿಗೆ ಹೂಂ ಅಥವಾ ಉಹೂಂ ಹೇಳಿಬಿಡ್ರಿ."

ಜೊತೆಗೆ ಹೊರಟವನು ಹೊಳೆಪ್ಪ. ಅದೇ ಕಾಲೇಜಿನ ಇತಿಹಾಸದ ಮಾಸ್ತರ, ಪಕ್ಕದ ಮನೆಯವನು. ಸ್ವಂತಕ್ಕೆ ಸೈಕಲ್ ಕೂಡ ಇಲ್ಲದಿದ್ದರೂ ಓಣಿಯಲ್ಲಿ ಯಾರು ಗಾಡಿ ಕೊಂಡರೂ ಮುಂದಿನ ಸೀಟಿನಲ್ಲಿ ಕೂತು ಸಲಹೆ ಕೊಡುವುದು ಅವನ ಹಕ್ಕು. ಆ ದಿನವೂ ಊರು ದಾಟುವ ಮುಂಚೆಯೇ ಶುರು ಮಾಡಿದ್ದ. "ಸರ್ವೀಸಿಗೆ ಬೆಳಗಾವಿಗೆ ಹೋಗಬೇಕಲೇ. ಒಂದು ಕನ್ನಡಿ ಒಡದ್ರ ನಿನ್ನ ತಿಂಗಳ ಪಗಾರ ಹೋಗತೈತಿ. ಆದ್ರ ಕುಂದರಾಕ ಮಾತ್ರ ಛಲೋ ಐತಿ ನೋಡು, ಗಾದಿ ಮ್ಯಾಲೆ ಕುಂತಂಗ."

ಈಗ ಅದೇ ಹೊಳೆಪ್ಪ ಪರದೆಯ ಮೇಲೆ ಬೆರಳಿಟ್ಟು ಕೇಳಿದ. "ಲೇ ಪರಮಾ, ಇಂವ ಯಾರಲೇ?"

"ಯಾರೂ ಅಲ್ಲ. ಗಾಡಿ ಸುತ್ತ ಕ್ಯಾಮೆರಾ ಅದಾವು. ಮಂದಿ ನಿಂತಿದ್ರ ಹಿಂಗ ತೋರಸ್ತಾವು. ಗಿಡಾನೋ ಕಂಬಾನೋ ಕಂಡು ಮನುಷ್ಯಾ ಅಂತ ತಿಳದೈತಿ."

"ಗಿಡ ಎಲ್ಲೈತಿ?"

ಗಿಡ ಇರಲಿಲ್ಲ. ಕಂಬವೂ ಇರಲಿಲ್ಲ. ಪರಮಾನಂದ ವಿಜ್ಞಾನಿಯ ಗತ್ತಿನಲ್ಲಿ ಇಳಿದು, ಕಾರನ್ನು ಸುತ್ತಿ ಎಡಗಡೆಗೆ ಬಂದು ನಿಂತ. ಕರ್ಚೀಫಿನಿಂದ ಕ್ಯಾಮೆರಾದ ಗಾಜು ಒರೆಸಿದ. ಬಿಸಿಲು ಚುರುಗುಡುತ್ತಿತ್ತು. ಆದರೆ ಅಲ್ಲಿ ನಿಂತ ಜಾಗದಲ್ಲಿ ಮಾತ್ರ, ಹಳೆಯ ಬಾವಿಯೊಳಕ್ಕೆ ಬಗ್ಗಿದಾಗ ಮುಖಕ್ಕೆ ತಾಗುವಂಥ ತಂಪು. ಕಬ್ಬಿನ ಗರಿಗಳು ಒಮ್ಮೆಲೇ ಸುಮ್ಮನಾದವು.

"ಈಗೇನ ಕಾಣತೈತಿ?" ಎಂದು ಕೂಗಿದ.

ಕಿಟಕಿಯ ಗಾಜು ಎರಡು ಬೆರಳಷ್ಟೇ ಇಳಿಯಿತು. ಒಳಗಿನಿಂದ ಹೊಳೆಪ್ಪನ ಕೀರಲು ದನಿ ಬಂತು. "ಇಬ್ಬರು ಅದೀರಿ. ಲೇ, ಸ್ವಲ್ಪ ಸರಿಯೋ. ಅವನ ಹೆಗಲಿಗೆ ಹೆಗಲ ಹಚ್ಚಿ ನಿಂತೀದಿ!"

ಪರಮಾನಂದ ಸರಿಯಲಿಲ್ಲ, ಹಾರಿದ. ಡ್ರೈವರ್ ಸೀಟಿಗೆ ಬಂದು ಬಿದ್ದಾಗ ಒಂದು ಚಪ್ಪಲಿ ರಸ್ತೆಯಲ್ಲೇ ಉಳಿದಿತ್ತು. ಅದನ್ನು ತರಲು ಇಬ್ಬರೂ ಒಪ್ಪಲಿಲ್ಲ.

"ಸಾಫ್ಟ್‌ವೇರ್ ದೋಷ," ಎಂದ ಪರಮಾನಂದ, ಗಾಡಿ ಚಾಲೂ ಮಾಡುತ್ತ.

"ಹೌದ್ಹೌದು," ಎಂದ ಹೊಳೆಪ್ಪ, ಕಣ್ಣು ಮುಚ್ಚಿಕೊಂಡೇ.

ಓಡುವಾಗ ಬೂದು ಚಿತ್ರ ಮಾಯವಾಯಿತು. ಇಬ್ಬರಿಗೂ ಜೀವ ಬಂದಂತಾಯಿತು. ಬೀಳಗಿ ಸಮೀಪಿಸಿ, ದೂರದಲ್ಲಿ ಹಿನ್ನೀರು ತಗಡಿನ ಹಾಗೆ ಹೊಳೆಯತೊಡಗಿದಾಗ ಪರಮಾನಂದನಿಗೆ ನಗು ಕೂಡ ಬಂತು. ಅಷ್ಟರಲ್ಲಿ ರಸ್ತೆಗೆ ಅಡ್ಡವಾಗಿ ಕುರಿಯ ಹಿಂಡೊಂದು ಬಂತು. ಗಾಡಿ ನಿಲ್ಲಿಸಲೇಬೇಕಾಯಿತು. ಪರದೆಯ ಮೇಲೆ ಮತ್ತೆ ಅವನು, ಅದೇ ಎಡಗಡೆಗೆ, ಮದುವೆಮನೆಯಲ್ಲಿ ಯಾರೂ ಕೂರು ಅನ್ನದ ಬೀಗನ ಹಾಗೆ ನಿಂತಿದ್ದ.

ಆದರೆ ಗೆಳೆಯರಿಬ್ಬರೂ ಪರದೆಯನ್ನು ಬಿಟ್ಟು ಕುರಿಗಳನ್ನೇ ನೋಡುತ್ತಿದ್ದರು. ಒಂದಕ್ಕೊಂದು ಒತ್ತಿಕೊಂಡು ಬರುತ್ತಿದ್ದ ಕುರಿಗಳು ಕಾರಿನ ಎಡಕ್ಕೆ ಬಂದೊಡನೆ ಇಬ್ಭಾಗವಾಗಿ, ಒಬ್ಬ ಮನುಷ್ಯ ನಿಲ್ಲುವಷ್ಟು ಖಾಲಿ ಜಾಗ ಬಿಟ್ಟು, ಮುಂದೆ ಮತ್ತೆ ಕೂಡಿಕೊಳ್ಳುತ್ತಿದ್ದವು. ಒಂದು ಟಗರು ಮಾತ್ರ ಆ ಖಾಲಿ ಜಾಗದ ಎದುರು ನಿಂತು, ತಲೆಯೆತ್ತಿ ಮೇಲಕ್ಕೆ ನೋಡಿತು. ಮುಖ ನೋಡುವಷ್ಟು ಎತ್ತರಕ್ಕೆ.

ಕುರಿಗಳ ಒಡತಿ ಸೋಮವ್ವ ಕೋಲೂರಿಕೊಂಡು ಹಿಂದಿನಿಂದ ಬಂದಳು. ಟಗರನ್ನು ನೋಡಿದಳು, ಕಾರನ್ನು ನೋಡಿದಳು. ಸೊಂಟದ ಚೀಲದಿಂದ ಬೀರೇಶ್ವರನ ಅರಿಷಿಣದ ಭಂಡಾರ ತೆಗೆದು, ಕಿಟಕಿಯೊಳಗೆ ಕೈಹಾಕಿ ಹೊಳೆಪ್ಪನ ಹಣೆಗೆ ಬಳಿದಳು. ಆಮೇಲೆ ಕಾರನ್ನು ಸುತ್ತಿ ಪರಮಾನಂದನ ಕಿಟಕಿಯ ಹತ್ತಿರ ಬಂದಳು.

"ಹಚ್ಚಲೇನ್ರೀ ಸಾಹೇಬ್ರ? ನೀವು ಇದನ್ನೆಲ್ಲಾ ನಂಬ್ತೀರಿಲ್ಲೋ?"

ಮೂಢನಂಬಿಕೆಯ ಮೇಲೆ ಅಷ್ಟೊಂದು ಭಾಷಣ ಮಾಡಿದ ಪರಮಾನಂದ ಹಣೆಯನ್ನು ಕಿಟಕಿಯಿಂದ ಹೊರಗೇ ಚಾಚಿದ. "ಹಚ್ಚಬೇ ಯವ್ವಾ. ಅರಿಷಿಣ ಚರ್ಮಕ್ಕ ಛಲೋ ಅಂತ ವಿಜ್ಞಾನಾನೂ ಹೇಳತೈತಿ. ಇನ್ನೊಂದಿಷ್ಟು ಹಚ್ಚು."

ಗಾಡಿ ತಿರುಗಿಸಿಕೊಂಡು ಊರ ಕಡೆ ಹೊರಟರು. ಅಷ್ಟು ಹೊತ್ತಿಗೆ ಕಾರು 'ಟಿಂಗ್ ಟಿಂಗ್' ಎಂದು ಬಡಿದುಕೊಳ್ಳತೊಡಗಿತು. ಪರದೆಯ ಮೇಲೆ ಕೆಂಪು ದೀಪ. ಹಿಂದಿನ ಎಡಗಡೆ ಸೀಟಿನಲ್ಲಿ ಕೂತವರು ಬೆಲ್ಟ್ ಹಾಕಿಕೊಂಡಿಲ್ಲವೆಂದು ಅದರ ಅರ್ಥ.

ಹಿಂದೆ ಯಾರೂ ಇರಲಿಲ್ಲ. ಸೀಟಿನ ತೊಗಲು ಮಾತ್ರ ನಡುವೆ ಒಂದಿಷ್ಟು ತಗ್ಗಾಗಿತ್ತು.

ಟಿಂಗ್ ಟಿಂಗ್ ನಿಲ್ಲಲಿಲ್ಲ. ಕೊನೆಗೆ ಹೊಳೆಪ್ಪ ಮುಖವನ್ನು ಮುಂದಕ್ಕೇ ಇಟ್ಟುಕೊಂಡು, ಕೈಯೊಂದನ್ನು ಹಿಂದಕ್ಕೆ ಚಾಚಿ, ತಡಕಾಡಿ ಬೆಲ್ಟ್ ಎಳೆದು ಸಿಕ್ಕಿಸಿದ. ಸದ್ದು ನಿಂತಿತು.

"ಕುಂತಾರ," ಎಂದ ಹೊಳೆಪ್ಪ. ಅಲ್ಲಿಯವರೆಗೆ ಏಕವಚನದಲ್ಲಿದ್ದವರು ಬಹುವಚನಕ್ಕೆ ಬಡ್ತಿ ಪಡೆದಿದ್ದರು. ಆಮೇಲೆ ಕತ್ತು ತಿರುಗಿಸದೆ ಹಿಂದಿನ ಸೀಟಿನವರನ್ನು ಅವನೇ ಕೇಳಿದ. "ಎಸಿ ಜಾಸ್ತಿ ಆತೇನ್ರೀ?"

ಎಸಿ ಹಾಕಿರಲೇ ಇಲ್ಲ. ಆದರೂ ಗಾಜುಗಳು ಒಳಗಿನಿಂದ ಮಂಜಾಗಿದ್ದವು, ಹಿಂದಿನ ಎಡಗಡೆಯ ಗಾಜು ಎಲ್ಲಕ್ಕಿಂತ ಹೆಚ್ಚಾಗಿ.

ಪರಮಾನಂದನ ಸಂಕಟ ಈಗ ಬೇರೆಯದೇ ಆಗಿತ್ತು. ಕಾರು ಕೊಂಡರೆ ಹಿಂದಿನ ಸೀಟಿನವರ ಜೊತೆ ಬಾಳಬೇಕು. ಬೇಡವೆಂದರೆ ಕಾರಣ ಕೊಡಬೇಕು. ದೆವ್ವಕ್ಕೆ ಹೆದರಿ ಕಾರು ಬಿಟ್ಟನೆಂದು ಗೊತ್ತಾದರೆ ನಾಳೆ ತರಗತಿಗೆ ಹೋಗುವುದು ಹೇಗೆ? ಹುಡುಗರು ಬೋರ್ಡಿನ ಮೇಲೆ ಬೂದು ಮನುಷ್ಯನ ಚಿತ್ರ ಬರೆದಿಟ್ಟಿರುತ್ತಾರೆ.

"ಹೊಳೆಪ್ಪಾ, ಈ ಮಾತು ಹೊರಗ ಹೋಗಬಾರದು ನೋಡು."

"ನನ್ನ ಬಾಯಾಗಿಂದ ಹೋಗೂದಿಲ್ಲೋ ಮಾರಾಯಾ. ಹಿಂದ ಕುಂತವರಿಗೂ ಒಂದು ಮಾತು ಹೇಳು."

ಶೋರೂಮಿಗೆ ಬಂದಾಗ ಹೊತ್ತು ಇಳಿದಿತ್ತು. ಜ್ಞಾನೇಶ್ವರ ಓಡೋಡಿ ಬಂದವನು ಇಬ್ಬರ ಹಣೆಯ ಭಂಡಾರವನ್ನೂ, ಪರಮಾನಂದನ ಬರಿಗಾಲನ್ನೂ ನೋಡಿ ದನಿ ತಗ್ಗಿಸಿದ. "ಯಾಕ್ರೀ ಸರ್? ಏನರ ಕಂಡತೇನ್ರೀ?"

"ಕಾಣೂದೇನೈತಿ?" ಪರಮಾನಂದ ಎದೆ ಸೆಟೆಸಿದ. "ಗಾಡಿ ಛಲೋನ ಐತಿ. ಸರ್ವೀಸ್ ಸೆಂಟರ್ ದೂರ ಆಕ್ಕೈತಿ, ಅದಕ್ಕ ಬ್ಯಾಡ."

ಹೊರಡುವ ಮುಂಚೆ ಅವನಿಗೇ ಏನೆನಿಸಿತೋ, ಹಿಂದಿನ ಬಾಗಿಲು ತೆರೆದು, ಯಾರಿಗೂ ಕಟ್ಟದ ಆ ಬೆಲ್ಟನ್ನು ಬಿಚ್ಚಿದ. ಬಿಚ್ಚಿದವನು ತಟ್ಟನೆ ಬಾಗಿಲು ಹಾಕಲಿಲ್ಲ. ಹಿರಿಯರು ಇಳಿಯುವಾಗ ಹಿಡಿದು ನಿಲ್ಲುತ್ತೇವಲ್ಲ, ಹಾಗೆ ಒಂದು ಗಳಿಗೆ ಹಿಡಿದು ನಿಂತ. ಆಮೇಲೆ ನಾಚಿಕೆಯಾಗಿ ಧಡ್ಡನೆ ಹಾಕಿದ.

"ನೀ ನಡಿ ಮುಂದ, ನನಗ ಬಜಾರದಾಗ ಕೆಲಸ ಐತಿ," ಎಂದು ಹೊಳೆಪ್ಪ ಅಲ್ಲೇ ಉಳಿದ. ಪರಮಾನಂದ ಬೆಳಿಗ್ಗೆ ಅಲ್ಲೇ ಬಿಟ್ಟಿದ್ದ ತನ್ನ ಹಳೆಯ ಸ್ಕೂಟರ್ ಹತ್ತಿದ. ಏರು ಬಂದಲ್ಲೆಲ್ಲ ಅದು ಯಾಕೋ ಏದುಸಿರು ಬಿಡುತ್ತಿತ್ತು. ಆದರೂ ಅವನ ಮನಸ್ಸು ಹಗುರಾಗಿತ್ತು. ಕಾರು ಹೋದರೆ ಹೋಯಿತು, ಮಾನವೂ ಉಳಿಯಿತು, ಜೀವವೂ ಉಳಿಯಿತು.

ಮನೆಗೆ ಬಂದು ಕುರ್ಚಿಯ ಮೇಲೆ ಕುಸಿದು ಹತ್ತು ನಿಮಿಷ ಆಗಿರಬೇಕು, ಜ್ಞಾನೇಶ್ವರನ ಫೋನು.

"ಸರ್, ನಿಮ್ಮ ಪಾದ ಎಲ್ಲೈತ್ರೀ, ಅಡ್ಡ ಬೀಳ್ತೇನಿ!" ಅವನ ದನಿಯಲ್ಲಿ ಹಬ್ಬವಿತ್ತು. "ಖರೆ ಹೇಳ್ತೇನ್ರೀ, ಆ ಗಾಡಿ ಒಯ್ದವರೆಲ್ಲಾ ಎಡಗಡೆ ಯಾರೋ ನಿಂತಾರಂತ ಹೇಳಿ ಹೊಳ್ಳಿ ತಂದು ಬಿಡ್ತಿದ್ರು. ನೀವು ಹೋದ ಮ್ಯಾಲೆ ಗಾಡಿ ಚಾಲೂ ಮಾಡಿ ನೋಡ್ತೇನಿ, ಪರದೆ ಖಾಲಿ! ಹಿಂದಿನ ಸೀಟೂ ಟಿಂಗ್ ಟಿಂಗ್ ಬಡಕೊಳ್ಳವಲ್ದು. ಹೊಳೆಪ್ಪ ಸರ್ ಇಲ್ಲೇ ಇದ್ರು, ಇದನ್ನ ಕಣ್ಣಾರೆ ನೋಡಿ ನಿಂತ ಕಾಲ ಮ್ಯಾಲ ಗಾಡಿ ಬುಕ್ ಮಾಡಿಬಿಟ್ರು. ಏನ ಮಾಡಿದ್ರಿ ಸರ್ ನೀವು?"

ಪರಮಾನಂದನ ಕೈಯಿಂದ ಫೋನು ಜಾರಿ ತೊಡೆಯ ಮೇಲೆ ಬಿತ್ತು. ಹೊಳೆಪ್ಪ! ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಇನ್ನೊಂದು ವಿಚಾರ ಹೊಳೆದು ಬಾಯಿ ತೆರೆದೇ ಉಳಿಯಿತು. ಪರದೆ ಖಾಲಿಯಾಗಿದ್ದರೆ, ಆ ಬೂದು ಮನುಷ್ಯ ಹೋದದ್ದೆಲ್ಲಿಗೆ?

ಹೆಂಡತಿ ಕಾವೇರಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಹೊರಗೆ ಬಂದಳು. "ಹಿಂಗ್ಯಾಕ ಕುಂತೀರಿ? ಅವರಿಗೆ ರೊಟ್ಟಿ ನಡೀತಾವೇನು, ಅನ್ನಾನ ಮಾಡಲೋ?"

"ಯಾ... ಯಾರಿಗೆ?"

"ನಿಮ್ಮ ಸ್ಕೂಟರ್ ಹಿಂದ ಕುಂತ ಬಂದ್ರಲ್ಲ, ಆ ಹಿರೇರು. ಬಚ್ಚಲದಾಗ ಕೈಕಾಲ ತೊಳಕೊಳ್ಳಾಕತ್ತಾರ. ಭಾಳ ಸಂಭಾವಿತ್ರು ಬಿಡ್ರಿ." ಕಾವೇರಿ ದನಿ ತಗ್ಗಿಸಿದಳು. "ಎಷ್ಟ ದಿನಾ ಅಂತ ಕಾರಿನ್ಯಾಗ ಇರೂದವ್ವಾ, ಇರಾಕ ಒಂದು ಮನಿ ಬ್ಯಾಡೇನು ಅಂದ್ರು ಪಾಪ. ಮ್ಯಾಲಿನ ಖೋಲಿ ಖಾಲಿ ಐತಿ, ಇರ್ರಿ ಅಂತ ಹೇಳೀನಿ."