ಒಂದೇ ಬಕೆಟ್ಟಿನ ಹಬ್ಬ

"ಈ ಸಲದ ಹಬ್ಬಕ್ಕೆ ನಮ್ಮ ಮನೆಯಿಂದ ಒಂದೇ ಒಂದು ಬಕೆಟ್ ಕಸ ಹೊರಗೆ ಹೋಗುತ್ತೆ. ಅದರ ಮೇಲೆ ಒಂದು ಸಿಪ್ಪೆ ಹೆಚ್ಚಾದ್ರೂ ನನ್ನ ಹೆಸರು ಬದಲಾಯಿಸು."

ಗುಮಾಸ್ತ ಈ ಘೋರ ಪ್ರತಿಜ್ಞೆಯನ್ನು ಮಾಡಿದ್ದು ತನ್ನ ಒರಗುಕುರ್ಚಿಯಲ್ಲಿ ಕಾಲು ಚಾಚಿ ಕುಳಿತು, ಭೂಮಿಯ ಭವಿಷ್ಯದ ಬಗ್ಗೆ ಹೆಂಡತಿಗೆ ಅರ್ಧ ಗಂಟೆ ಉಪನ್ಯಾಸ ಕೊಟ್ಟ ಮೇಲೆ.

"ನಿಮ್ಮ ಹೆಸರು ಕಟ್ಕೊಂಡು ನಾನೇನು ಮಾಡ್ಲಿ?" ಎಂದಳು ಹೆಂಡತಿ. "ಕುರ್ಚಿ ಬದಲಾಯಿಸ್ತೀನಿ. ಹಬ್ಬದ ಮಾರನೇ ಬೆಳಿಗ್ಗೆ ಬಕೆಟ್ ಮುಚ್ಚಳ ಸರಿಯಾಗಿ ಕೂತ್ರೆ ಈ ಕುರ್ಚಿ ಇರ್ಲಿ. ಕೂರದಿದ್ರೆ ಕಸದ ಗಾಡಿಗೆ ಹೋಗ್ಲಿ."

ಗುಮಾಸ್ತ ಕುರ್ಚಿಯ ಎರಡೂ ಕೈಗಳನ್ನು ಭದ್ರವಾಗಿ ಹಿಡಿದುಕೊಂಡ. ಅದು ಅವನ ಮೊದಲ ಸಂಬಳದ ಕುರ್ಚಿ. ಹಳೆ ಸಾಮಾನಿನ ಅಂಗಡಿಯಿಂದ ತಲೆಯ ಮೇಲೆ ಹೊತ್ತು ತಂದದ್ದು. ಅದರ ಬಲಗೈಯನ್ನು ಹಗ್ಗದಿಂದ ಬಿಗಿದಿದ್ದ. ಒಳಗಿನ ಒಂದು ಸ್ಪ್ರಿಂಗು, ಹೊಸಬರು ಯಾರೇ ಕೂತರೂ ಎಲ್ಲಿ ಚುಚ್ಚಬಾರದೋ ಅಲ್ಲೇ ಚುಚ್ಚುತ್ತಿತ್ತು. ಅದರಲ್ಲಿ ಕೂರುವುದೇ ಒಂದು ವಿದ್ಯೆ. ಆ ವಿದ್ಯೆ ಕರಗತವಾಗಿದ್ದದ್ದು ಲೋಕದಲ್ಲಿ ಅವನೊಬ್ಬನಿಗೆ. ನಲ್ಲಿ ತಯಾರಿಸುವ ಕಂಪನಿಯ ದೂರು ವಿಭಾಗದಲ್ಲಿ ಕೂತು, ಸೋರುವ ನಲ್ಲಿಗಳ ಒಡೆಯರಿಂದ ದಿನವಿಡೀ ಬೈಸಿಕೊಂಡು ಬರುವವನಿಗೆ, ಮನೆಯಲ್ಲಿ ಎದುರು ಮಾತಾಡದ ವಸ್ತು ಅದೊಂದೇ.

ಆದರೆ ಆಡಿದ ಮಾತನ್ನು ನುಂಗುವ ಹಾಗಿರಲಿಲ್ಲ. "ಆಯ್ತು, ಪಂಥ," ಎಂದ.

ಆವತ್ತಿನಿಂದ ಮನೆಯಲ್ಲಿ ಕಸದ ತುರ್ತು ಪರಿಸ್ಥಿತಿ. ತನ್ನ ಹಳೆ ಪ್ಯಾಂಟಿನ ಕಾಲುಗಳ ತುದಿ ಹೊಲಿದು ತರಕಾರಿ ಚೀಲ ಮಾಡಿದ. ಒಂದು ಕಾಲಿಗೆ ಈರುಳ್ಳಿ, ಇನ್ನೊಂದಕ್ಕೆ ಸೌತೆಕಾಯಿ ತುಂಬಿ ಹೆಗಲ ಮೇಲೆ ಹಾಕಿಕೊಂಡು ಬರುವಾಗ, ಯಾರನ್ನೋ ಅರ್ಧಕ್ಕೆ ಕತ್ತರಿಸಿ ಹೊತ್ತು ತರುತ್ತಿದ್ದಾನೆಂದು ಬೀದಿಯ ಮಕ್ಕಳು ದಾರಿ ಬಿಟ್ಟರು. ಬಾಲ್ಕನಿಯ ಮಡಕೆಯಲ್ಲಿ ಸಿಪ್ಪೆ ಸುರಿದು ಗೊಬ್ಬರಕ್ಕೆ ಕಾದ. ಗೊಬ್ಬರ ಆಗಲಿಲ್ಲ, ನೊಣ ಆಯಿತು. ಮೇಲಿನ ಮನೆಯವರು ಇಳಿದು ಬಂದು, "ನಿಮ್ಮ ನೊಣಗಳನ್ನ ನೀವೇ ಸಾಕ್ಕೊಳ್ಳಿ" ಎಂದು ಹೇಳಿಹೋದ ಮೇಲೆ ಹೆಂಡತಿ ಮಡಕೆಯನ್ನು ಮಗುಚಿಟ್ಟಳು.

ಇಷ್ಟಾದರೂ ಬಕೆಟ್ ಅರ್ಧದಲ್ಲೇ ಇತ್ತು. ಗುಮಾಸ್ತ ಮೀಸೆಯ ಮೇಲೆ ಕೈ ಆಡಿಸಿಕೊಳ್ಳುವಷ್ಟರಲ್ಲಿ ಹಬ್ಬಕ್ಕೆಂದು ಅತ್ತೆ ಬಂದರು. ಹೆಂಡತಿಯ ತಾಯಿ. ಅವರಿಗೆ ಕಿತ್ತಳೆಹಣ್ಣೆಂದರೆ ಪ್ರಾಣ. ಬೆಳಿಗ್ಗೆ ಎದ್ದು ಬಿಡಿಸಲು ಕೂತರೆ ಮಧ್ಯಾಹ್ನದ ಊಟಕ್ಕೆ ಮಾತ್ರ ವಿರಾಮ. ಒಂದೊಂದು ಸಿಪ್ಪೆ ಬಕೆಟ್ಟಿಗೆ ಬಿದ್ದಾಗಲೂ ಕುರ್ಚಿಯ ಒಂದೊಂದು ಕಾಲು ಮುರಿದ ಹಾಗೆ ಅವನಿಗೆ ಕೇಳಿಸುತ್ತಿತ್ತು.

"ಅತ್ತೆ, ಇಷ್ಟೊಂದು ಹುಳಿ ತಿಂದ್ರೆ ಹಲ್ಲು ಜುಮ್ಮನ್ನಲ್ವಾ?" ಎಂದು ನಯವಾಗಿ ಕೇಳಿದ.

"ನನ್ನ ಹಲ್ಲಿಗೇನೂ ಆಗಿಲ್ಲ ಅಳಿಯಂದ್ರೇ. ನಿಮ್ಮ ಕುರ್ಚಿಗೆ ಜುಮ್ಮಂತಿದೆಯಾ?"

ಪಂಥದ ತೀರ್ಪುಗಾರರೂ ಅತ್ತೆಯೇ ಎಂದು ತಾಯಿ ಮಗಳು ಅಷ್ಟರಲ್ಲಿ ಒಮ್ಮತದಿಂದ ತೀರ್ಮಾನಿಸಿಯಾಗಿತ್ತು.

ಹಬ್ಬದ ಹಿಂದಿನ ಬೆಳಿಗ್ಗೆ ಬಕೆಟ್ ಕಂಠಮಟ್ಟ ತುಂಬಿತ್ತು. ಮುಳುಗುವವನು ಹುಲ್ಲುಕಡ್ಡಿ ಹಿಡಿಯುತ್ತಾನೆ. ಗುಮಾಸ್ತ ಉಡುಗೊರೆ ಕಾಗದ ಹಿಡಿದ. ಬಕೆಟ್ಟಿನ ಮೇಲರ್ಧವನ್ನು, ಅಂದರೆ ಕಿತ್ತಳೆ ಸಿಪ್ಪೆ, ಟೀ ಪುಡಿಯ ಚರಟ, ಮೊಟ್ಟೆ ಚಿಪ್ಪುಗಳನ್ನೆಲ್ಲ, ಒಂದು ಬೂಟಿನ ಪೆಟ್ಟಿಗೆಗೆ ತುಂಬಿದ. ಹುಟ್ಟುಹಬ್ಬಕ್ಕೆ ಹೆಂಡತಿ ಅಂಗಿ ಸುತ್ತಿ ಕೊಟ್ಟಿದ್ದ, ಬೆಳ್ಳಿ ಮೀನುಗಳ ನೀಲಿ ಕಾಗದವನ್ನು ಜೋಪಾನವಾಗಿ ಎತ್ತಿಟ್ಟಿದ್ದ. ಅದನ್ನೇ ಸುತ್ತಿ ರಿಬ್ಬನ್ ಕಟ್ಟಿದ. ಕಸ ಹೊತ್ತು ಹೊರಟವನನ್ನು ಎಲ್ಲರೂ ಕೇಳುತ್ತಾರೆ. ಹಬ್ಬದ ಕಾಲದಲ್ಲಿ ಉಡುಗೊರೆ ಹೊತ್ತವನನ್ನು ಯಾರು ಕೇಳುತ್ತಾರೆ?

ಹೆಂಡತಿ ಕೇಳಿದಳು. "ಯಾರಿಗ್ರೀ ಅದು?"

"ಆಫೀಸಲ್ಲಿ... ಒಬ್ಬರಿಗೆ."

"ನಾನೇನಾದ್ರೂ ಕೇಳಿದ್ರೆ ಈ ವರ್ಷ ಮಿತವ್ಯಯ ಅಂತೀರಿ. ಆ ಒಬ್ಬರಿಗೆ ಮಾತ್ರ ಪೆಟ್ಟಿಗೆ. ಹೋಗ್ಬನ್ನಿ."

ಬೀದಿಯ ತಿರುವಿನ ಕಸದ ಡಬ್ಬಿಗೆ ಪೆಟ್ಟಿಗೆಯನ್ನು ಎತ್ತಿ ಹಾಕಬೇಕು, ಅಷ್ಟರಲ್ಲಿ ಕಟ್ಟಡದ ವಾಚ್‌ಮನ್ ಓಡಿ ಬಂದು ಕೈ ಹಿಡಿದುಕೊಂಡ.

"ಸಾರ್, ಮೇಡಂ ಜೊತೆ ಜಗಳ ಆಡಿದ್ರಾ? ಸಿಟ್ಟಲ್ಲಿ ಹೀಗೆಲ್ಲ ಎಸೀಬಾರ್ದು. ಕೊಡಿ, ಮೇಲೆ ಹೋಗಿ ಅವರಿಗೇ ಕೊಟ್ಟು ಸಮಾಧಾನ ಹೇಳಿ ಬರ್ತೀನಿ."

ಗುಮಾಸ್ತ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಸ್ ಹತ್ತಿದ. ಬಸ್ಸಿನಲ್ಲಿ ಅವನು ಇದುವರೆಗೆ ಕಳೆದುಕೊಂಡ ಕೊಡೆಗಳು ಒಂದೇ, ಎರಡೇ? ಒಂದಾದರೂ ತಿರುಗಿ ಬಂದಿರಲಿಲ್ಲ. ಆ ನಂಬಿಕೆಯಿಂದ ಪೆಟ್ಟಿಗೆಯನ್ನು ಸೀಟಿನ ಕೆಳಗೆ ತಳ್ಳಿ ತನ್ನ ನಿಲ್ದಾಣದಲ್ಲಿ ಹಗುರವಾಗಿ ಇಳಿದ. ಬಸ್ಸು ಹೊರಟಿತು, ನಿಂತಿತು, ಹಿಂದಕ್ಕೆ ಬಂತು. ಕಿಟಕಿಗಳಿಂದ ಹತ್ತಾರು ತಲೆಗಳು ಹೊರಬಂದು, "ರೀ ನೀಲಿ ಶರ್ಟು, ನಿಮ್ಮ ಗಿಫ್ಟು" ಎಂದು ಕೂಗಿದವು. ಕಂಡಕ್ಟರ್ ಇಳಿದು ಬಂದು ಪೆಟ್ಟಿಗೆಯನ್ನು ಕೈಗಿಟ್ಟು, "ಹಬ್ಬದ ಸಾಮಾನು, ಜೋಪಾನ" ಎಂದು ಬೆನ್ನು ತಟ್ಟಿದ. ಲೋಕದಲ್ಲಿ ಪ್ರಾಮಾಣಿಕತೆ ಸತ್ತೇಹೋಗಿದೆ ಎಂದು ದಿನಾ ಗೊಣಗುತ್ತಿದ್ದವನ ಮುಂದೆ ಅದು ಆವತ್ತು ಬೀದಿಬೀದಿಯಲ್ಲಿ ಎದ್ದು ಕೂತಿತ್ತು.

ಉಳಿದದ್ದು ಆಫೀಸಿನ ಕಾರಿಡಾರಿನ ಕೊನೆಯ ಕಸದ ಬುಟ್ಟಿ. ಅತ್ತ ಇತ್ತ ನೋಡಿ ಬಗ್ಗಿದ. ನೆಟ್ಟಗಾಗುವಾಗ ಎದುರಿಗೆ ಮ್ಯಾನೇಜರ್ ನಿಂತಿದ್ದರು.

"ಏನಯ್ಯಾ ಅದು, ಮೂಲೇಲಿ ಬಚ್ಚಿಡ್ತಿದ್ದೀಯ? ನನಗಾ?"

ಅವನ ಕೆಲಸ ಖಾಯಂ ಆಗುವುದು ಮ್ಯಾನೇಜರ ಒಂದು ಸಹಿಯಿಂದ. ಅಂಥವರ ಮುಂದೆ "ಅಲ್ಲ" ಎಂಬ ಪದ ಅವನ ಬಾಯಿಂದ ಬಂದದ್ದೇ ಇಲ್ಲ. "ಹೌದು ಸಾರ್," ಎಂದುಬಿಟ್ಟ.

ಮ್ಯಾನೇಜರ್ ಪೆಟ್ಟಿಗೆಯನ್ನು ತೂಗಿ ನೋಡಿದರು, ಮೂಸಿದರು. "ಒಳ್ಳೆ ಹಣ್ಣಿನ ಘಮ. ಆದ್ರೆ ತಳ ಒದ್ದೆ ಇದ್ಯಲ್ಲ, ಸೋರ್ತಿದೆಯಾ?"

"ಇದಕ್ಕೆ ಸೋರಿಕೆ ಅನ್ನಲ್ಲ ಸಾರ್, ತೇವ ಅಂತೀವಿ."

ಇದು ಅವನು ಗಿರಾಕಿಗಳಿಗೆ ಫೋನಿನಲ್ಲಿ ದಿನವೂ ಹೇಳುವ ಮಾತು, ಹೇಳಿಕೊಟ್ಟವರು ಮ್ಯಾನೇಜರೇ. ಅವರು ತಲೆದೂಗಿ, "ಭೇಷ್, ಹೀಗಿರಬೇಕು ನಿಷ್ಠೆ" ಎಂದು ಪೆಟ್ಟಿಗೆಯನ್ನು ತಮ್ಮ ಕೋಣೆಗೆ ಒಯ್ದರು. ಅಲ್ಲಿ ಬೇರೆಬೇರೆ ಡೀಲರುಗಳು ಕಳಿಸಿದ ಪೆಟ್ಟಿಗೆಗಳ ಗುಡ್ಡವೇ ಇತ್ತು. ಗುಡ್ಡದ ತುದಿಯಲ್ಲಿ ಬೆಳ್ಳಿ ಮೀನುಗಳು ಹೊಳೆದವು.

"ಹಬ್ಬ ಮುಗಿಯೋವರೆಗೂ ತೆಗೀಬೇಡಿ ಸಾರ್," ಎಂದು ಬಾಗಿಲಿನಿಂದ ಕೂಗಿದ. "ನಮ್ಮ ಮನೆ ಪದ್ಧತಿ."

"ನಾನು ಯಾವುದನ್ನೂ ತೆಗೆಯೋದಿಲ್ಲಯ್ಯಾ," ಎಂದರು ಮ್ಯಾನೇಜರ್. ಆ ಮಾತಿನ ಆಳ ಅವನಿಗೆ ಆಗ ತಿಳಿಯಲಿಲ್ಲ.

ಹಬ್ಬದ ದಿನ ಮುಚ್ಚಳ ಕೂತಿತು. ಒಂದು ಬೆರಳಿನಷ್ಟು ಜಾಗ ಉಳಿದೇ ಕೂತಿತು. ಅತ್ತೆ ಮೂರು ಸಲ ಎತ್ತಿ ನೋಡಿದರು. ಗುಮಾಸ್ತ ಕುರ್ಚಿಯಲ್ಲಿ ಪವಡಿಸಿ, ಕಸದ ನಿರ್ವಹಣೆ ಹೇಗೆ ಮನಸ್ಸಿನ ನಿರ್ವಹಣೆಯೂ ಹೌದು ಎಂಬುದನ್ನು ವಿವರಿಸುತ್ತಿದ್ದಾಗ ಬಾಗಿಲ ಗಂಟೆ ಬಡಿಯಿತು.

ಹಬ್ಬದ ಸಂಜೆ ಸಿಬ್ಬಂದಿಯ ಮನೆಮನೆಗೆ ಹೋಗಿ ಶುಭಾಶಯ ಹೇಳುವುದು ಮ್ಯಾನೇಜರ ರೂಢಿ. ನಗುತ್ತ ನಿಂತಿದ್ದರು. ಅವರ ಕೈಯಲ್ಲಿ ನೀಲಿ ಕಾಗದ, ಬೆಳ್ಳಿ ಮೀನು, ರಿಬ್ಬನ್.

"ತಗೊಳ್ಳಮ್ಮಾ," ಎಂದು ಅವನ ಹೆಂಡತಿಯ ಕೈಗಿತ್ತರು. "ನಾನೇ ನಾಲ್ಕು ಅಂಗಡಿ ಸುತ್ತಿ ಆರಿಸಿದ್ದು."

ಹೆಂಡತಿ ಕಾಗದವನ್ನು ನೋಡಿದಳು. ಗಂಡನನ್ನು ನೋಡಿದಳು. ಪೆಟ್ಟಿಗೆಯೊಡನೆ ಅಡುಗೆಮನೆಗೆ ಹೋದಳು. ಅತ್ತೆ ಹಿಂದೆಯೇ ಹೋದರು. ಒಳಗಿನಿಂದ ರಿಬ್ಬನ್ ಬಿಚ್ಚುವ ಸದ್ದು, ಆಮೇಲೆ ಎರಡು ನಗುಗಳನ್ನು ಸೆರಗಿನಿಂದ ಮುಚ್ಚಿಕೊಂಡಂಥ ಸದ್ದು. ಗುಮಾಸ್ತನಿಗೆ, ತಾನು ಮಾತ್ರ ಬಲ್ಲ ಆ ಕುರ್ಚಿಯಲ್ಲಿ, ಮೊದಲ ಸಲ ಸ್ಪ್ರಿಂಗು ಚುಚ್ಚಿತು.

ಹೆಂಡತಿ ಟೀ ತಂದಳು. "ತುಂಬಾ ಒಳ್ಳೆ ಉಡುಗೊರೆ ಸಾರ್. ಎಷ್ಟು ಬೇಗ ನಮ್ಮನೆಗೆ ಹೊಂದ್ಕೊಂಡ್ಬಿಡ್ತು ಅಂದ್ರೆ, ಇಲ್ಲಿಂದಲೇ ಹೋಗಿತ್ತೇನೋ ಅನ್ನೋ ಹಾಗಿದೆ."

"ನನ್ನ ಆಯ್ಕೆ ಎಂದೂ ತಪ್ಪಿಲ್ಲಮ್ಮಾ," ಎಂದು ಮ್ಯಾನೇಜರ್ ಬೀಗಿದರು.

ಅತ್ತೆ ಮರುದಿನ ಬೆಳಿಗ್ಗೆ ಪೆಟ್ಟಿಗೆಯನ್ನು ಬಕೆಟ್ಟಿಗೆ ಮಗುಚಿದರು. ಮುಚ್ಚಳ ಸಿಪ್ಪೆಗಳ ಗುಡ್ಡದ ಮೇಲೆ ಓರೆಯಾಗಿ ಕೂತಿತು, ಮದುಮಗನ ಪೇಟದ ಹಾಗೆ.

"ಇದು ಅನ್ಯಾಯ," ಎಂದ ಗುಮಾಸ್ತ. "ಅದು ಹೊರಗಿನಿಂದ ಬಂದ ಕಸ. ನಮ್ಮದಲ್ಲ."

"ನಮ್ಮದಲ್ವಾ? ಹಾಗಾದ್ರೆ ನಿಮ್ಮ ಮ್ಯಾನೇಜರದು," ಎಂದು ಹೆಂಡತಿ ಫೋನ್ ಎತ್ತಿಕೊಂಡಳು. "ಕೇಳೇಬಿಡ್ತೀನಿ. ಯಾಕೆ ಸಾರ್, ಹಬ್ಬದ ದಿನ ನಮ್ಮನೆಗೆ ಕಸ ತಂದ್ಕೊಟ್ರಿ ಅಂತ."

"ಬೇಡ ಕಣೇ, ನಿನ್ನ ದಮ್ಮಯ್ಯ."

"ಮತ್ತೆ ಯಾರದು?"

ಒಂದು ಕಡೆ ಕುರ್ಚಿ, ಇನ್ನೊಂದು ಕಡೆ ನೌಕರಿ. ಗುಮಾಸ್ತ ನೆಲ ನೋಡುತ್ತ, "ನಮ್ಮದೇ," ಎಂದ.

"ಕೇಳಿಸ್ಲಿಲ್ಲ ಅಳಿಯಂದ್ರೇ," ಎಂದರು ತೀರ್ಪುಗಾರರು.

"ನಮ್ಮದೇ ಕಸ ಅತ್ತೆ. ನಾನೇ ಸುತ್ತಿದ್ದು."

ಕೆಳಗೆ ಗಾಡಿಯ ಗಂಟೆ ಕೇಳಿಸಿತು. ಗುಮಾಸ್ತ ಕುರ್ಚಿಯನ್ನು ತಂದ ಹಾಗೆಯೇ ತಲೆಯ ಮೇಲೆ ಹೊತ್ತು ಮೆಟ್ಟಿಲಿಳಿದ. ಹೆಂಡತಿ ಬಕೆಟ್ ಹಿಡಿದು ಹಿಂದೆ ಬಂದಳು. ಗಾಡಿಯವನು ಎರಡು ಡ್ರಮ್ಮುಗಳ ನಡುವೆ ನಿಂತು, "ಹಸಿ ಕಸವಾ, ಒಣ ಕಸವಾ?" ಎಂದು ಕೇಳಿದ. ಗುಮಾಸ್ತ ಕುರ್ಚಿಯನ್ನು ತಲೆಯಿಂದ ಇಳಿಸಿದ. ಕುರ್ಚಿಯ ಕೈ ಬಿಡದೆ, ಕಣ್ಣು ತುಂಬಿಕೊಂಡು ನಿಂತಿದ್ದ.

ಹೆಂಡತಿ ಇಬ್ಬರನ್ನೂ, ಅಂದರೆ ಕುರ್ಚಿಯನ್ನೂ ಗಂಡನನ್ನೂ, ಒಮ್ಮೆ ನೋಡಿದಳು.

"ಕುರ್ಚಿ ಒಣ ಕಸ ಅಣ್ಣಾ, ತಗೊಂಡ್ಹೋಗಿ," ಎಂದಳು. "ಅದನ್ನ ಹಿಡ್ಕೊಂಡಿರೋದು ಹಸಿ. ಅದನ್ನ ಕೊಡಲ್ಲ, ಮನೇಲೇ ಗೊಬ್ಬರ ಮಾಡ್ಕೋತೀವಿ."