ಸಮುದ್ರವನ್ನೂ ಒಮ್ಮೆ ಬಚ್ಚಿಡಿ, ಒಂಟಿ ಏಡಿಯವರೇ

ಕರಾವಳಿ ರಸ್ತೆಯ ಉದ್ದಕ್ಕೂ ಡಬ್ಬಿಗಳನ್ನು ಬಚ್ಚಿಟ್ಟು, ಆಟದ ಆ್ಯಪ್‌ನಲ್ಲಿ ‘ಒಂಟಿ ಏಡಿ’ ಎಂಬ ಹೆಸರಿನಿಂದ ಮೆರೆಯುತ್ತಿರುವ ಮಹನೀಯರಿಗೆ (ಅಥವಾ ಮಹಿಳೆಗೆ, ಏಡಿಗಳಲ್ಲಿ ಅದು ನನಗೆ ತಿಳಿಯುವುದಿಲ್ಲ):

ಮಾನ್ಯರೇ,

ತಮಗೂ, ತಮ್ಮ ಕುಟುಂಬಕ್ಕೂ, ತಾವು ಇನ್ನೂ ಬಚ್ಚಿಡದೆ ಮನೆಯಲ್ಲೇ ಉಳಿಸಿಕೊಂಡಿರುವ ಡಬ್ಬಿಗಳಿಗೂ ನನ್ನ ಸಾದರ ನಮಸ್ಕಾರಗಳು.

‘ಕಡಲ ಮುಂದೆ ನಿಂತವರಿಗೆಲ್ಲ ಒಂದೇ ವಯಸ್ಸು’ ಎಂಬ ಸಾಲೊಂದನ್ನು ಎಂ.ಎ. ಓದುವಾಗ ಎಲ್ಲೋ ಕಂಡ ನೆನಪು. ಅದು ಹಾಗೇ ಇತ್ತೋ, ಅರ್ಧ ನಾನೇ ಸೇರಿಸಿಕೊಂಡೆನೋ ಈಗ ಹೇಳಲಾರೆ. ಏನಿದ್ದರೂ ಅದನ್ನು ಬರೆದವರು ಜನ ಕಡಲಿಗೆ ಮುಖ ಮಾಡಿ ನಿಲ್ಲುತ್ತಾರೆಂದು ಸಲೀಸಾಗಿ ನಂಬಿಬಿಟ್ಟಿದ್ದಾರೆ. ನನ್ನ ಸಂಸಾರದ ಜೊತೆ, ತಮ್ಮ ಡಬ್ಬಿಗಳ ಬೆನ್ನುಹತ್ತಿ, ಒಮ್ಮೆ ಪ್ರಯಾಣ ಮಾಡಿದ್ದರೆ ಅವರು ಆ ಸಾಲನ್ನು ಹೊಡೆದುಹಾಕಿ ಬೆಂಚಿನ ತಳಭಾಗದ ಬಗ್ಗೆ ಏನಾದರೂ ಬರೆಯುತ್ತಿದ್ದರು.

ಈ ಪತ್ರ ಓದುವ ಇತರರಿಗೆ ಆಟದ ಪರಿಚಯ ಮಾಡಿಕೊಡುವುದು ನನ್ನ ಕರ್ತವ್ಯ. ಯಾರೋ ಒಬ್ಬರು ಸಣ್ಣ ಡಬ್ಬಿಯೊಂದನ್ನು ಎಲ್ಲೋ ಅಡಗಿಸಿ ಅದರ ಜಾಗವನ್ನು ಆ್ಯಪ್‌ನಲ್ಲಿ ಹಾಕುತ್ತಾರೆ. ಫೋನಿನ ಬಾಣ ತೋರಿಸಿದ ಕಡೆ ಹೋಗಿ ಅದನ್ನು ಹುಡುಕಬೇಕು. ಒಳಗಿನ ಚೀಟಿಯಲ್ಲಿ ತಂಡದ ಹೆಸರು ಬರೆಯಬೇಕು. ಒಳಗಿಂದ ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಬಾಳುವ ಇನ್ನೇನನ್ನಾದರೂ ಇಟ್ಟು, ಯಾರ ಕಣ್ಣಿಗೂ ಬೀಳದಂತೆ ಮತ್ತೆ ಅದೇ ಜಾಗದಲ್ಲಿ ಅಡಗಿಸಬೇಕು. ಔಷಧ ಕಾರ್ಖಾನೆಯಲ್ಲಿ ಮಾತ್ರೆಗಳ ಗುಣಮಟ್ಟ ಪರೀಕ್ಷಿಸುವ ನನ್ನ ಯಜಮಾನರಿಗೆ, ನಿಯಮವಿರುವ ಆಟ ಎಂದ ಕೂಡಲೇ ಜೀವ ಬಂದುಬಿಡುತ್ತದೆ. ನಮ್ಮ ತಂಡಕ್ಕೆ ‘ಬಿರುಗಾಳಿ’ ಎಂದು ಹೆಸರಿಟ್ಟವರೂ ಅವರೇ. ಮನೆಯಲ್ಲಿ ಫ್ಯಾನಿನ ವೇಗ ಎರಡಕ್ಕಿಂತ ಮೇಲೆ ಹೋದರೆ ಅವರಿಗೆ ಶೀತವಾಗುತ್ತದೆ ಎಂಬುದು ಬೇರೆ ಮಾತು.

ಆದರೆ ನಾವು ಹೊರಟದ್ದು ತಮ್ಮ ಡಬ್ಬಿಗಳಿಗಾಗಿ ಅಲ್ಲ ಎಂಬುದನ್ನು ವಿನಯದಿಂದ ತಿಳಿಸಬಯಸುತ್ತೇನೆ. ನನ್ನ ಅತ್ತೆ ಸಮುದ್ರವನ್ನೇ ಕಂಡವರಲ್ಲ. ಆಯುಷ್ಯವಿಡೀ ಹುಡುಗಿಯರಿಗೆ ಹೊಲಿಗೆ ಕಲಿಸಿದ ಅವರು ಮಗನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ: “ಸಮುದ್ರ ಅಂದ್ರೆ ಹೆಂಗಿರುತ್ತೆ ಅಂತ ಒಂದ್ಸಲ ನೋಡ್ಬೇಕು ಕಣೋ.” ನೋಡುವುದು ಎಂಬ ಪದವನ್ನು ದಯವಿಟ್ಟು ಗಮನಿಸಿ.

ಮೊದಲ ದಿನವೇ ದೀಪಸ್ತಂಭದ ಬೇಲಿಯಲ್ಲಿ ತಾವು ಅಂಟಿಸಿಟ್ಟಿದ್ದ ಅಂಗಿಯ ಗುಂಡಿಯಷ್ಟು ಡಬ್ಬಿ ಸಿಕ್ಕಿತು. ಅದರೊಳಗಿನ ಚೀಟಿಯಲ್ಲಿ ತಾವು ಬರೆದಿದ್ದ ಅಕ್ಷರಗಳ ಸೂಕ್ಷ್ಮತೆಯನ್ನು ಎಷ್ಟು ಹೊಗಳಿದರೂ ಸಾಲದು. ಇರುವೆಗಳು ಓದುವ ಕಾಲಕ್ಕೆಂದು ಬರೆದಂತಿತ್ತು. ಯಜಮಾನರು ಅದನ್ನು ಓದಲು ಅತ್ತೆಯ ಕನ್ನಡಕ ತೆಗೆದುಕೊಂಡರು, ಓದಿದರು, ಗೆದ್ದ ಸಂಭ್ರಮದಲ್ಲಿ ಕನ್ನಡಕವನ್ನು ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿಕೊಂಡರು, ಕಾರಿನಲ್ಲಿ ಕುಳಿತರು. ಆಗ ಕೇಳಿಸಿದ ಸದ್ದನ್ನು ವರ್ಣಿಸಲು ಕಾವ್ಯವೇ ಬೇಕು. ಅತ್ತೆ ಬಾಗಿಲಿನಿಂದ ಇಣುಕಿ ಸಮುದ್ರವಿದ್ದ ದಿಕ್ಕಿಗೆ ಕಣ್ಣು ಕಿರಿದು ಮಾಡಿ, “ಒಗ್ದು ಹರಡಿರೋ ಬೆಡ್‌ಶೀಟ್ ಥರ ಕಾಣುತ್ತೆ, ಅಷ್ಟೇನಾ?” ಎಂದರು. ಊರಿಗೆ ಹೋದ ಮೇಲೆ ಹೊಸ ಕನ್ನಡಕ ಮಾಡಿಸೋಣ ಎಂದು ಮಗ ಭರವಸೆ ಕೊಟ್ಟು, ಮುಂದಿನ ಡಬ್ಬಿಯತ್ತ ಗಾಡಿ ಬಿಟ್ಟರು.

ಅಲ್ಲಿಂದ ಮುಂದೆ ನಾವು ಕಂಡ ಕರಾವಳಿಯ ಸೊಬಗನ್ನು ಯಾವ ಪ್ರವಾಸಿ ಪುಸ್ತಕವೂ ಬಣ್ಣಿಸಿರಲಾರದು. ಮೋರಿಗಳ ಒಳಮೈ, ಫಲಕಗಳ ಹಿಂಬದಿ, ಹಳೆಯ ಕೋಟೆಯ ಗೋಡೆಯಲ್ಲಿ ಹಲ್ಲಿಗಳು ಸಂಸಾರ ಹೂಡಿರುವ ಬಿರುಕು. ಬೇರೆ ಪ್ರವಾಸಿಗರು ಹತ್ತಿರ ಬಂದರೆ ನಾವು ನಿಯಮದಂತೆ ಗುಟ್ಟು ಕಾಪಾಡಬೇಕಲ್ಲ. ನಾನು ಕಿವಿಯೋಲೆ ಕಳೆದುಕೊಂಡವಳಂತೆ ನೆಲ ತಡಕುತ್ತಿದ್ದೆ, ಯಜಮಾನರು ಲೇಸೇ ಇಲ್ಲದ ಚಪ್ಪಲಿಯ ಲೇಸು ಕಟ್ಟುತ್ತಿದ್ದರು. ಅತ್ತೆಯಂತೂ ಕನ್ನಡಕವಿಲ್ಲದೆ, ಬೆಂಚಿನಡಿ ಬೆರಳಾಡಿಸಿಯೇ, ಬಟ್ಟೆಯಲ್ಲಿ ಬಿಟ್ಟುಹೋದ ಹೊಲಿಗೆ ಹಿಡಿದಂತೆ ತಮ್ಮ ಡಬ್ಬಿಗಳನ್ನು ಹಿಡಿದು ತೆಗೆಯತೊಡಗಿದರು. ಪ್ರತಿ ಸಲ ಗೆದ್ದ ಮೇಲೆ “ಸಮುದ್ರ ಯಾವ್ ಕಡೆ ಇದೆ?” ಎಂದು ಕೇಳುತ್ತಿದ್ದರು. “ಹಿಂದೇನೇ ಇದೆ ಅಜ್ಜಿ, ಎಲ್ಲಿಗೂ ಹೋಗಲ್ಲ, ಬಾ” ಎನ್ನುತ್ತಿದ್ದಳು ಹದಿಹರೆಯದ ನನ್ನ ಮಗಳು, ಫೋನಿನ ಬಾಣದಿಂದ ತಲೆಯೆತ್ತದೆ.

ಈಗ ಮೀನುಗಾರರ ಜೆಟ್ಟಿಯ ವಿಚಾರಕ್ಕೆ ಬರುತ್ತೇನೆ. ಮಾನ್ಯರು ಒಂದು ಲೋಟ ನೀರು ಪಕ್ಕದಲ್ಲಿಟ್ಟುಕೊಳ್ಳಬೇಕಾಗಿ ವಿನಂತಿ.

ಅಲ್ಲಿ ಒಂದು ಬೆಳಿಗ್ಗೆ ತಮ್ಮ ಬಾಣ ನಮ್ಮನ್ನು ನೇರವಾಗಿ ಮಗುಚಿಹಾಕಿದ ದೋಣಿಯೊಂದರ ಬಳಿಗೆ ಕರೆದೊಯ್ದಿತು. ಸುತ್ತ ಯಾರೂ ಇರಲಿಲ್ಲ. ಅತ್ತೆ ಬಗ್ಗಿ ಕೈಹಾಕಿದವರೇ ತಗಡಿನ ಡಬ್ಬಿಯೊಂದನ್ನು ಎಳೆದರು. ಒಳಗೆ ದಾರದುಂಡೆ, ಮರದ ಸೂಜಿ, ಒಂದಷ್ಟು ಹೆಸರುಗಳಿದ್ದ ಚೀಟಿ, ಮತ್ತು ಒಂದು ಕನ್ನಡಕ. ಬೇರೆ ಜನರಾಗಿದ್ದರೆ ಅದು ಯಾರದೋ ಕೆಲಸದ ಡಬ್ಬಿ ಎಂದು ಮುಚ್ಚಿಡುತ್ತಿದ್ದರು. ನಾವಾದರೋ ವಾರವಿಡೀ ಇಂಥದ್ದನ್ನೇ ತೆರೆದು ತೆರೆದು ತಯಾರಾದವರು. ಯಜಮಾನರು ಚೀಟಿಯ ಕೊನೆಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ‘ಬಿರುಗಾಳಿ’ ಎಂದು ಬರೆದರು. ಅತ್ತೆ ಕನ್ನಡಕ ಏರಿಸಿಕೊಂಡು ನಮ್ಮ ಮುಖಗಳನ್ನೊಮ್ಮೆ ನೋಡಿ, “ಅಯ್ಯೋ, ನಂಗೇ ಮಾಡ್ಸಿದ್ದಂಗಿದೆ” ಎಂದು ಹಿಗ್ಗಿ, ಅಷ್ಟೇ ಬೆಲೆಯದಿರಬೇಕಲ್ಲ ಎಂದು ಕೈಯಲ್ಲಿದ್ದ ವಾಚು ಬಿಚ್ಚಿ ಡಬ್ಬಿಗೆ ಹಾಕಿದರು. ಆ ಕ್ಷಣದಲ್ಲಿ ನಾನು ತಮ್ಮನ್ನು ದೇವರೆಂದು ಭಾವಿಸಿದ್ದೆ. ಆ ಮಾತನ್ನು ಈ ಮೂಲಕ ಹಿಂಪಡೆಯುತ್ತೇನೆ.

ಮುಂದಿನ ನಿಲುಗಡೆ ಬಂಡೆಗಳ ಮೇಲಿನ ವೀಕ್ಷಣಾ ಕಟ್ಟೆ. ಅತ್ತೆ ಕಾರಿನಿಂದಿಳಿದು ತಲೆಯೆತ್ತಿದರು. ಅಲ್ಲೇ ನಿಂತುಬಿಟ್ಟರು. “ಅಯ್ಯೋ, ಇದು ಸುಮ್ನಿರೋದೇ ಇಲ್ವಲ್ಲೇ!” ಎಂದರು, ತುಂಟ ಮಗುವಿನ ಬಗ್ಗೆ ಹೇಳುವಂತೆ. ಅಲೆಯೊಂದು ಏಳುವುದನ್ನೂ ಒಡೆಯುವುದನ್ನೂ ನೊರೆ ಹಿಂದೆ ಸರಿಯುವುದನ್ನೂ ಅವರು ಹುಡುಗಿಯೊಬ್ಬಳ ಮೊದಲ ರವಿಕೆಯ ಹೊಲಿಗೆ ಪರೀಕ್ಷಿಸುವಂತೆ, ತಪ್ಪು ಸಿಗಬಹುದೇನೋ ಎಂಬಂತೆ, ನೋಡುತ್ತ ನಿಂತರು.

ಅದೇ ಹೊತ್ತಿಗೆ ಯಜಮಾನರು ಆ್ಯಪ್‌ನಲ್ಲಿ ಜೆಟ್ಟಿಯ ಡಬ್ಬಿಯ ಬಗ್ಗೆ ಹಿಂದಿನವರು ಬರೆದ ಟಿಪ್ಪಣಿ ಓದಿದರು: ‘ಬಾಣ ತಪ್ಪಿದೆ. ದೋಣಿಯಡಿಯ ಡಬ್ಬಿ ಮುಟ್ಟಬೇಡಿ, ಅದು ಬಲೆ ಹೊಲಿಯುವ ಅಮ್ಮನದು. ಆಟದ ಡಬ್ಬಿ ಸಿಮೆಂಟು ಬೆಂಚಿನ ಕೆಳಗಿದೆ.’ ಅದಕ್ಕೆ ತಾವು ನಗುವ ಏಡಿಯ ಚಿತ್ರವೊಂದನ್ನು ಉತ್ತರವಾಗಿ ಕೊಟ್ಟಿದ್ದಿರಿ. ಬಾಣವನ್ನು ಮಾತ್ರ ತಿದ್ದಿರಲಿಲ್ಲ. ಏಡಿಗಳು ನೇರ ನಡೆಯುವುದಿಲ್ಲ ಎಂದು ಗೊತ್ತಿದ್ದೂ ನಂಬಿದ್ದು ನಮ್ಮದೇ ತಪ್ಪು.

ನಮ್ಮಲ್ಲಿ ಕೂಡಲೇ ಚರ್ಚೆಯಾಯಿತು. ಕನ್ನಡಕವನ್ನು ಆಮೇಲೆ ಕೊರಿಯರ್ ಮಾಡೋಣ ಎಂದರು ಯಜಮಾನರು. ದೋಣಿಯ ಕೆಳಗೆ ಎಂಬ ವಿಳಾಸಕ್ಕೆ ಕೊರಿಯರ್ ಹೋಗುವುದಿಲ್ಲ ಎಂದಳು ಮಗಳು. ಅತ್ತೆ ಇನ್ನೊಂದರ್ಧ ಗಂಟೆ ನೋಡಲಿ, ಆಮೇಲೆ ಹೇಳೋಣ ಎಂದು ನಾನು ಪಿಸುಗುಟ್ಟಿದೆ. ಅತ್ತೆಗೆ ಕಣ್ಣಿನ ತೊಂದರೆಯೇ ಹೊರತು ಕಿವಿಯದಲ್ಲ. ಅವರು ಕನ್ನಡಕ ತೆಗೆದು, ಕರ್ಚೀಫಿನಲ್ಲಿ ಒರೆಸಿ, ಮಡಚಿದರು. “ಗಾಡಿ ತಿರುಗ್ಸು. ಹೊಲಿಯೋಳಿಗೆ ಕಣ್ಣಿಲ್ದೆ ಹೆಂಗಾಗುತ್ತೆ ಅಂತ ನಿಂಗೇನೋ ಗೊತ್ತು?” ಸಮುದ್ರ ಮತ್ತೆ ಬೆಡ್‌ಶೀಟಾಯಿತು. ಮಗಳು ಬಾಣದ ಸಮೇತ ಫೋನನ್ನು ಬ್ಯಾಗಿಗೆ ತುರುಕಿದಳು.

ದೋಣಿಯ ಮೇಲೆ ಆಕೆ ಕುಳಿತಿದ್ದರು. ಬಲೆಯ ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಸೂಜಿಯನ್ನು ಮೂಗಿನ ಹತ್ತಿರ ಹಿಡಿದು ತಡಕಾಡುತ್ತಿದ್ದರು. ಮುಂಗೈಯಲ್ಲಿ ಅತ್ತೆಯ ವಾಚು. ನಾವು ಕನ್ನಡಕ ಚಾಚಿದ್ದೇ ತಡ, “ಟೈಮ್ ನೋಡ್ಕೊಂಡು ಬಲೆ ಹೊಲಿಯಕ್ಕಾಗುತ್ತೇನಮ್ಮಾ?” ಎಂದು ವಾಚನ್ನು ನಮ್ಮ ಮುಖಕ್ಕೇ ಹಿಡಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಆ ಚೀಟಿ ಯಾವ ಯಾವ ದೋಣಿಯ ಬಲೆ ಹೊಲಿಯಬೇಕೆಂಬ ಪಟ್ಟಿಯಂತೆ; ಅದನ್ನು ಯಾರಿಂದಲೋ ಓದಿಸಿ, ಬೆಳಗಿನಿಂದ ಜೆಟ್ಟಿಯ ತುಂಬ ಆಕೆ ಬಿರುಗಾಳಿ ಎಂಬ ದೋಣಿಯನ್ನು ವಿಚಾರಿಸಿಕೊಂಡು ಬಂದಿದ್ದರು. “ಯಾವ ತಲೆಕೆಟ್ಟೋನು ದೋಣಿಗೆ ಬಿರುಗಾಳಿ ಅಂತ ಹೆಸರಿಡ್ತಾನೆ ಅಂತ ಎಲ್ರೂ ನಗ್ತಿದಾರೆ!” ತಲೆಕೆಟ್ಟವರು ಅಲ್ಲೇ ನಿಂತು ಚಪ್ಪಲಿಯ ಲೇಸು ಕಟ್ಟುತ್ತಿದ್ದರು.

ಬೈಗುಳ ಮುಗಿದ ಮೇಲೆ ಆಕೆ ಅತ್ತೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ, “ನಿಂಗೂ ಇದೇ ಪವರ್ರಾ?” ಎಂದು ಕೇಳಿದರು. ಆ ಕನ್ನಡಕದ್ದು ಬೈಫೋಕಲ್ ಗಾಜು. ಕೆಳಗಿನರ್ಧ ಆಕೆಯ ಬಲೆಗೆ, ಮೇಲಿನರ್ಧ ಅತ್ತೆಯ ಸಮುದ್ರಕ್ಕೆ. ಆಮೇಲೆ ನಡೆದದ್ದು ಇಷ್ಟು: ಆಕೆ ಒಂದು ಸಾಲು ಹೊಲಿಯುವಷ್ಟು ಹೊತ್ತು ಅತ್ತೆ ಕಣ್ಣಿನ ಹಂಗಿಲ್ಲದೆ ಇನ್ನೊಂದು ಮರದ ಸೂಜಿಯ ಮೈತುಂಬ ದಾರ ಸುತ್ತುವುದು, ಸೂಜಿ ತುಂಬಿದ ಮೇಲೆ ಕನ್ನಡಕ ಅತ್ತೆಗೆ, ಆಕೆಗೆ ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಬಿಡುವು. “ಸಾಕಾ, ಇನ್ನೊಂದಲೆ ನೋಡ್ತೀಯಾ?” “ತಡಿಯೇ, ದೊಡ್ಡದೊಂದು ಬರ್ತಿದೆ.” ಸಂಜೆಯವರೆಗೂ ಹೀಗೇ. ನಮಗೆ ಮೂವರಿಗೂ ಮಾಡಲು ಏನೂ ಇರಲಿಲ್ಲವಾಗಿ, ಸಿಮೆಂಟು ಬೆಂಚಿನ ಮೇಲೆ ಕುಳಿತು ನಾವೂ ಸಮುದ್ರ ನೋಡಿದೆವು. ತಮ್ಮ ಅಸಲಿ ಡಬ್ಬಿ ಅದೇ ಬೆಂಚಿನ ಅಡಿಯಲ್ಲಿತ್ತು. ಯಾರೂ ಕೈ ಹಾಕಲಿಲ್ಲ. ಯಜಮಾನರ ಬೆರಳುಗಳು ಒಂದೆರಡು ಸಲ ಆ ಕಡೆ ಹೊರಟಿದ್ದು ನಿಜ. ನಾನು ನೋಡಿದೆ, ಅವು ವಾಪಸಾದವು.

ಆದ್ದರಿಂದ ಮಾನ್ಯರು ನನ್ನ ಕೆಲವು ಅಹವಾಲುಗಳನ್ನು ಸಹಾನುಭೂತಿಯಿಂದ ಪರಿಶೀಲಿಸಬೇಕು. ಜೆಟ್ಟಿಯ ಬಾಣವನ್ನು ಇಂದೇ ತಿದ್ದಿ, ಇದು ಮೊದಲನೆಯದು. ತಮ್ಮ ಅಕ್ಷರಗಳಿಗೆ ಇನ್ನು ಮೇಲೆ ಹೊಟ್ಟೆತುಂಬ ಊಟ ಹಾಕಿ ಬೆಳೆಸಿ. ಬಿಡುವಿದ್ದಾಗ ಸಮುದ್ರವನ್ನೇ ಒಮ್ಮೆ ಯಾವುದಾದರೂ ಮೋರಿಯೊಳಗೆ ಬಚ್ಚಿಟ್ಟು ಅದರ ಜಾಗವನ್ನು ಆ್ಯಪ್‌ನಲ್ಲಿ ಹಾಕಿ. ಹಾಗಾದರೂ ನಮ್ಮಂಥವರು ಅದನ್ನು ಹುಡುಕಿಕೊಂಡು ಬಂದಾರು. ಅದು ಸಾಧ್ಯವಾಗದಿದ್ದಲ್ಲಿ ತಪ್ಪು ಬಾಣಗಳನ್ನು ಯಾರ ಹೊಟ್ಟೆಪಾಡಿನ ಡಬ್ಬಿಯತ್ತಲೂ ತಿರುಗಿಸದೆ, ಸುಮ್ಮನೆ ನೀರಿನತ್ತ ತಿರುಗಿಸಬೇಕಾಗಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ತಮ್ಮ ಡಬ್ಬಿಗಳ ಮೇಲಲ್ಲದಿದ್ದರೂ ತಮ್ಮ ಮೇಲೆ ಇನ್ನೂ ಒಂದಿಷ್ಟು ವಿಶ್ವಾಸ ಉಳಿಸಿಕೊಂಡಿರುವ,

ತಮ್ಮ ವಿಶ್ವಾಸಿ,
ಬಿರುಗಾಳಿ ತಂಡದ ಹಿಂದಿನ ಸೀಟಿನವಳು

ತಾ.ಕ.: ಊರು ಮುಟ್ಟಿದ ಮರುದಿನ ಎದುರು ಮನೆಯ ಅಕ್ಕ ನಮ್ಮ ಬೀಗದ ಕೈ ಕೊಡಲು ಬಂದಿದ್ದರು. ತಾವು ಮಾಡಿದ ಅನ್ಯಾಯವನ್ನು ನಾನು ಬಾಗಿಲಲ್ಲೇ ನಿಂತು, ಒಂದಕ್ಷರ ಬಿಡದೆ, ಸಾಕಷ್ಟು ಆವೇಶದಿಂದಲೇ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ತಮ್ಮನ್ನು ಬಯ್ಯುತ್ತಾರೆಂದು ನಾನು ಕಾಯುತ್ತಿದ್ದೆ. ಬೀಗದ ಕೈಯನ್ನು ನನ್ನ ಅಂಗೈಯಲ್ಲಿಡುತ್ತ ಅವರು ಕೇಳಿದ್ದು ಇಷ್ಟೇ: “ಅಲ್ಲ ಕಣೇ, ಅಷ್ಟು ಉದ್ದದ ರಸ್ತೇಲಿ ಡಬ್ಬಿ ಹುಡ್ಕಿ ಹುಡ್ಕಿ ತೆಗ್ದ್ರಲ್ಲ, ನಿಮ್ಗೆ ಒಂದೇ ಒಂದು ಕನ್ನಡಕದ ಅಂಗಡಿ ಕಣ್ಣಿಗೆ ಬೀಳ್ಲಿಲ್ವಾ?”